ಎರಡು ನದಿಗಳ ನಡುವಿನ ಏರು



ಸೈಕಲ್ಲಿನಲ್ಲಿ ಬೆಟ್ಟ ದಾಟುವ ಮಾತು ಬಂದೊಡನೆ ಹಲವರಿಗೆ ಲಡಾಖಿನ ಖರ್ದುಂಗ್ ಲಾ ನೆನಪಾಗುತ್ತದೆ. ಆ ಕಣಿವೆಮಾರ್ಗದ ಎತ್ತರ ಸುಮಾರು 5,359 ಮೀಟರ್. ಕರ್ನಾಟಕದಲ್ಲಾದರೆ 14 ತಿರುವುಗಳ ಆಗುಂಬೆ ಘಾಟಿ ನೆನಪಾಗುತ್ತದೆ. ಯಾದಗಿರಿ ಜಿಲ್ಲೆಯ ವಡಗೇರಾದ ಹೆಸರು ಯಾರ ಬಾಯಲ್ಲಿಯೂ ಬರುವುದಿಲ್ಲ. ಆದರೆ ಬೆಟ್ಟಕ್ಕೂ ನೀರಿಗೂ ಇರುವ ನಂಟನ್ನು ಒಂದೇ ದಿನದಲ್ಲಿ ಅರಿಯಬಯಸುವವರಿಗೆ ಆ ಸೀಮೆ ಒಳ್ಳೆಯ ಪಾಠಶಾಲೆ.

ಇಬ್ಬರು ಗೆಳೆಯರ ಒಂದು ದಿನವನ್ನು ಊಹಿಸಿಕೊಳ್ಳಿ. ಒಬ್ಬ ವಡಗೇರಾದವನು, ಇನ್ನೊಬ್ಬ ಆಗುಂಬೆ ಕಡೆಯವನು. ಡಿಸೆಂಬರಿನ ನಸುಕಿನಲ್ಲಿ ಇಬ್ಬರೂ ಹೊರಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ದಾಟುವುದರಿಂದ ಇಂಥ ಪಯಣಕ್ಕೆ ಚಳಿಗಾಲವೇ ತಕ್ಕದ್ದು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಚೀಲದಲ್ಲಿ ಪಂಪು, ಪಂಕ್ಚರ್ ಸಾಮಾನು, ಬೇಕೆನಿಸಿದ್ದಕ್ಕಿಂತ ಹೆಚ್ಚು ನೀರು. ದಾರಿ ಪಶ್ಚಿಮಕ್ಕೆ, ಹುಟ್ಟುವ ಸೂರ್ಯ ಬೆನ್ನ ಹಿಂದೆ. ಇಕ್ಕೆಲಗಳಲ್ಲಿ ಎರೆ ಭೂಮಿ, ತೊಗರಿ, ಹತ್ತಿ. ಒಣಗಿದಾಗ ಈ ಮಣ್ಣು ಗಾಲಿಗೆ ದಾರಿ ಕೊಡುತ್ತದೆ. ನೆನೆದಾಗ ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲಿಗೇರಿಸುತ್ತದೆ.

ಶಹಾಪುರ ಸಮೀಪಿಸಿದಂತೆ ಬೆಟ್ಟಗಳು ತಲೆಯೆತ್ತುತ್ತವೆ. ಅವುಗಳ ಸಾಲೊಂದು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಮುಂದೆ ಸುರಪುರದವರೆಗೂ ಬಂಡೆಗುಡ್ಡಗಳು. ಕುರಿಗಾಹಿಗಳ ಕಾಲುದಾರಿ ಹಿಡಿದು ಏರತೊಡಗಿದಾಗ ಮಲೆನಾಡಿನವನು ನಗುತ್ತಾನೆ: "ಇದೂ ಒಂದು ಘಾಟಿಯೇನೋ ಮಾರಾಯಾ?" "ಮೊದ್ಲ ಏರು, ಆಮ್ಯಾಲ ಮಾತಾಡು" ಎನ್ನುತ್ತಾನೆ ವಡಗೇರಾದವನು. ಅರ್ಧ ದಾರಿಯಲ್ಲಿ ನಗೆ ನಿಲ್ಲುತ್ತದೆ. ಹಗುರವಾದ ಗೇರಿನಲ್ಲಿಯೂ ಹಿಂದಿನ ಗಾಲಿ ಗರಸು ಮಣ್ಣಿನ ಮೇಲೆ ಜಾರುತ್ತದೆ. ನೆರಳಿಗೆ ಜಾಲಿಯಷ್ಟೇ ಗತಿ. ಆಗುಂಬೆಯಲ್ಲಿ ಸುರಿಯುವ ಮಳೆಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಈ ನೆಲಕ್ಕೆ ದಕ್ಕುತ್ತದೆ.

ನೆತ್ತಿ ತಲುಪಿದ ಮೇಲೆ ಅಲ್ಲಿ ಕುಳಿತು ಯೋಚಿಸಬೇಕಾದ ಸಂಗತಿಯೊಂದಿದೆ. ವಡಗೇರಾ, ಶಹಾಪುರ, ಸುರಪುರಗಳು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ನೆಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಈ ನೆಲದ ಮೇಲೆ ಬಿದ್ದ ಹನಿ ಇಂಗದೆ, ಆರದೆ ಉಳಿದರೆ ಒಂದೋ ಭೀಮೆಯ ಪಾಲು, ಇಲ್ಲವೇ ಕೃಷ್ಣೆಯ ಪಾಲು. ಹಾಗೆ ಅಗಲಿದ ಹನಿಗಳು ವಡಗೇರಾದ ಆಗ್ನೇಯಕ್ಕೆ, ರಾಯಚೂರು ಜಿಲ್ಲೆಯ ಗಡಿಯಲ್ಲಿ, ಎರಡೂ ನದಿಗಳು ಕೂಡುವ ಸಂಗಮದಲ್ಲಿ ಮತ್ತೆ ಸೇರುತ್ತವೆ. ನಡುವೆ ಆ ಹನಿ ಎಷ್ಟು ದಿನ ಈ ನೆಲದಲ್ಲಿ ತಂಗುತ್ತದೆ ಎಂಬುದರ ಮೇಲೆಯೇ ಬಾವಿ, ಬೆಳೆ, ದನಕರುಗಳ ಬದುಕು ನಿಂತಿದೆ.

ಹನಿಯನ್ನು ತಂಗಿಸುವುದು ಗುಡ್ಡದ ಕೆಲಸ. ಬಂಡೆಯ ಮೇಲಿಂದ ಜಾರುವ ನೀರು ಬಿರುಕಿಗೆ, ಕಲ್ಲುಗಳ ನಡುವಿನ ಮಣ್ಣಿಗೆ, ಪೊದೆಯ ಬೇರಿಗೆ ಇಳಿದು ಬುಡದಲ್ಲಿ ನಿಧಾನವಾಗಿ ಒಸರುತ್ತದೆ. ಹಿಂದಿನವರು ಗುಡ್ಡದ ಬುಡದಲ್ಲಿ ಕೆರೆ ಕಟ್ಟಿದ್ದು ಇದನ್ನು ಬಲ್ಲವರಾದ್ದರಿಂದಲೇ. ಜಲ್ಲಿಗಾಗಿ ಗುಡ್ಡವನ್ನು ಒಡೆದರೆ ಕಲ್ಲಿನ ಬೆಲೆ ಒಮ್ಮೆ ಕೈಸೇರುತ್ತದೆ. ಕೆರೆಗೆ ಬರುತ್ತಿದ್ದ ನೀರು ವರ್ಷವರ್ಷವೂ ಕೈತಪ್ಪುತ್ತದೆ. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತ ಬೆಳೆದಿದೆ ಎಂಬುದು ನಿಜ. ಆದರೆ ಕಾಲುವೆ ಬಂತೆಂದು ಗುಡ್ಡವನ್ನೂ ಕೆರೆಯನ್ನೂ ಮರೆತ ಊರು, ಕಾಲುವೆಗೆ ನೀರು ಬಿಡದ ವರ್ಷ ಯಾರ ಕಡೆ ನೋಡಬೇಕು?

ಇಳಿಜಾರಿನಲ್ಲಿ ಸವಾರರಿಗೂ ಒಂದು ಹೊಣೆಯಿದೆ. ಹಿಂದಿನ ಬ್ರೇಕನ್ನು ಬಿಗಿಹಿಡಿದು ಜಾರುತ್ತ ಬಂದರೆ ಗಾಲಿ ಗೀರಿದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಗೆರೆ ಕೊರಕಲಾಗಿ, ಕೊರಕಲಿನ ಮಣ್ಣು ಕೆರೆಯ ಹೂಳಾಗುತ್ತದೆ. ಆದ್ದರಿಂದ ಹಸಿ ದಾರಿಯಲ್ಲಿ ಗಾಲಿ ಓಡಿಸಬಾರದು. ಇದ್ದ ಕಾಲುದಾರಿ ಬಿಟ್ಟು ಹೊಸದನ್ನು ಮಾಡಬಾರದು. ಎರಡೂ ಬ್ರೇಕುಗಳನ್ನು ಮೆಲ್ಲನೆ ಒತ್ತುತ್ತ ಇಳಿಯಬೇಕು. ದಾರಿ ತೀರ ಕಡಿದಾದಲ್ಲಿ ಇಳಿದು ನಡೆಯುವುದರಲ್ಲಿ ಅವಮಾನವೇನಿಲ್ಲ.

ಸಂಜೆಗೆ ಗೆಳೆಯರು ಸುರಪುರ ತಾಲೂಕಿನ ಬೋನಾಳ ಕೆರೆಯ ದಂಡೆ ತಲುಪುತ್ತಾರೆ. 17ನೆಯ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದನೆನ್ನುವ ಈ ಕೆರೆಯನ್ನು 19ನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ. ಇಂದು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಟಿಬೆಟ್, ಮಂಗೋಲಿಯಾಗಳ ಕಡೆ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಒಂದು ಗುಡ್ಡ ದಾಟಿ ದಣಿದ ಇಬ್ಬರು, ಹಿಮಾಲಯ ದಾಟಿ ಬಂದವುಗಳ ಮುಂದೆ ಮಾತಿಲ್ಲದೆ ಕೂರುತ್ತಾರೆ. ಅಷ್ಟು ದೂರದಿಂದ ಬರುವ ಹಕ್ಕಿ ಬೇಡುವುದು ಇಷ್ಟೇ: ಇಳಿದಾಗ ಕೆರೆಯಲ್ಲಿ ನೀರಿರಬೇಕು.

ವಿದ್ಯಾರ್ಥಿಗಳು ಮುಂಗಾರಿಗೆ ಮುನ್ನ ಒಂದು ದಿನ ತಮ್ಮ ಊರಿನ ಗುಡ್ಡವನ್ನು ಗೆಳೆಯರೊಡನೆ ಏರಲಿ, ಸೈಕಲ್ಲಿದ್ದರೆ ಸೈಕಲ್ಲಿನಲ್ಲಿ, ಇಲ್ಲದಿದ್ದರೆ ಕಾಲ್ನಡಿಗೆಯಲ್ಲಿ. ನೀರು ಎಲ್ಲಿಂದ ಇಳಿದು ಯಾವ ಹಳ್ಳ ಸೇರಿ ಯಾವ ಕೆರೆಗೆ ಹೋಗುತ್ತದೆ, ಎಲ್ಲಿ ತಡೆಯಾಗಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಗ್ರಾಮಸಭೆಯ ಮುಂದಿಡಲಿ. ಹಿರಿಯರು ಅದನ್ನು ತಿದ್ದಿಕೊಡಲಿ. ಗುಡ್ಡವನ್ನು ಉಳಿಸುವ ಮಾತು ಆ ಹಾಳೆಯಿಂದ ಶುರುವಾಗಲಿ.