ಅಪರಾಧಶಾಸ್ತ್ರ ಓದುವವರು ಮೊದಲ ವರ್ಷವೇ ಕೇಳಬೇಕಾದ ಪ್ರಶ್ನೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶೈಕ್ಷಣಿಕ ಸಲಹೆಗಾರರೊಬ್ಬರು ಮಾಡಿದ ಭಾಷಣ)

 

ಈ ಸಲ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಅಪರಾಧಶಾಸ್ತ್ರ ಆರಿಸಿಕೊಂಡ ಮಕ್ಕಳೂ ಇದ್ದಾರೆ. "ಪೊಲೀಸು, ಕೋರ್ಟು, ಜೈಲು ಅಂದರೆ ನಾವು ದೂರ ಇರೋರು. ಮಗಳು ಅದನ್ನೇ ಓದ್ತೀನಿ ಅಂತಾಳಲ್ಲ ಸರ್" ಎಂದು ತಾಯಂದಿರು ಕೇಳುತ್ತಾರೆ. ಅವರ ಆತಂಕ ಸಹಜ. ಆದರೆ ಇದು ನಮ್ಮ ನಾಡಿಗೆ ಹೊಸ ವಿಷಯವಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ದಶಕಗಳಿಂದ ಪ್ರತ್ಯೇಕ ವಿಭಾಗವಿದೆ. ಇದರ ಅಗತ್ಯವೂ ದೊಡ್ಡದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಇವರ ಪರವಾಗಿ ಕಾನೂನು ತಿಳಿದು, ಮನುಷ್ಯರಂತೆ ಮಾತಾಡುವವರು ಬೇಕು.

ತೊಂದರೆ ಇರುವುದು ಬೇರೆ ಕಡೆ. ಎಷ್ಟೋ ವಿದ್ಯಾರ್ಥಿಗಳು ಸಲಹೆ ಕೇಳಲು ಬರುವುದೇ ಕೊನೆಯ ಸೆಮಿಸ್ಟರಿನಲ್ಲಿ. "ಬಿ.ಎ. ಮುಗೀತು ಸರ್, ಈಗ ಫೊರೆನ್ಸಿಕ್ ಲ್ಯಾಬಿಗೆ ಹೋಗಬೇಕು" ಅನ್ನುತ್ತಾರೆ. ಲ್ಯಾಬಿನ ವಿಜ್ಞಾನಿ ಹುದ್ದೆಗೆ ಸಾಮಾನ್ಯವಾಗಿ ವಿಜ್ಞಾನದ ಪದವಿಯೇ ಬೇಕು. ಆಗ ಹೇಳಿದರೆ ಮೂರು ವರ್ಷ ಮತ್ತು ಮನೆಯವರ ದುಡ್ಡು ಎರಡೂ ಹೋಗಿರುತ್ತವೆ.

ಆದ್ದರಿಂದ ಮೊದಲ ವರ್ಷವೇ ಕೇಳಿ: ನಾನು ಹೋಗಬೇಕಾದ ಬಾಗಿಲು ಯಾವುದು, ಅದಕ್ಕೆ ಏನು ಬೇಕು?

ಲ್ಯಾಬ್ ಬೇಕಾದವರು ಪಿಯುಸಿಯಿಂದಲೇ ವಿಜ್ಞಾನ ಹಿಡಿಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೆ ತರಬೇಕು. ಹಾಗಾಗಿ ಈ ಕ್ಷೇತ್ರದಲ್ಲಿ ಕೆಲಸ ಹೆಚ್ಚಲಿದೆ.

ವಕೀಲಿಕೆ ಬೇಕಾದವರಿಗೆ ಪದವಿಯ ನಂತರ ಮೂರು ವರ್ಷದ ಎಲ್‌ಎಲ್.ಬಿ. ಇದೆ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಮೊದಲ ಸೆಮಿಸ್ಟರಿನಲ್ಲಿ "ಪಾಸಾದರೆ ಸಾಕು" ಅಂದವರಿಗೆ ಇಲ್ಲಿ ಬಾಗಿಲು ಮುಚ್ಚುತ್ತದೆ.

ಮಕ್ಕಳ ಜೊತೆ ಕೆಲಸ ಮಾಡುವ ಮನಸ್ಸಿದ್ದವರು 2015ರ ಬಾಲನ್ಯಾಯ ಕಾಯ್ದೆಯನ್ನು ಓದಿ. ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಗುವಿನ ಮನೆ, ಶಾಲೆ, ಸಹವಾಸ ವಿಚಾರಿಸಿ ವರದಿ ಕೊಡುವವರು ಪ್ರೊಬೇಷನ್ ಅಧಿಕಾರಿಗಳು. ಮುಂದೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದರೆ ಇಂಥ ಕೆಲಸಕ್ಕೆ ಅನುಕೂಲ. ಪಾಠ ಮಾಡುವ ಆಸೆ ಇದ್ದವರಿಗೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ ಒಂದು ಸ್ವತಂತ್ರ ವಿಷಯವಾಗಿದೆ.

ಸಲಹೆ ಕೇಳಲು ಬರಿಗೈಯಲ್ಲಿ ಬರಬೇಡಿ. ಅಂಕಪಟ್ಟಿ ತನ್ನಿ. ನಿಮಗೆ ಬೇಕಾದ ಹುದ್ದೆಯ ಹಳೆಯ ಅಧಿಸೂಚನೆಯೊಂದನ್ನು ತನ್ನಿ. ವಿದ್ಯಾರ್ಹತೆ, ವಯಸ್ಸು, ದೇಹದಾರ್ಢ್ಯ ಎಲ್ಲವೂ ಅದರಲ್ಲೇ ಇರುತ್ತವೆ. ಜಾಹೀರಾತು ನೋಡಿ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅಧ್ಯಾಪಕರನ್ನು ಕೇಳಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಮನೆಯಲ್ಲಿ ಕಾಲೇಜು ಕಂಡವರಿಲ್ಲ ಎಂದು ಸಂಕೋಚ ಬೇಡ. ಕೇಳುವವರಿಗೆ ದಾರಿ ತೋರಿಸುವುದು ಅಧ್ಯಾಪಕರ ಕೆಲಸ, ಉಪಕಾರವಲ್ಲ.

ಟ್ರಸ್ಟಿನವರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ನವೀಕರಣದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: "ಮುಂದಿನ ದಾರಿಯ ಬಗ್ಗೆ ಅಧ್ಯಾಪಕರ ಜೊತೆ ಮಾತಾಡಿದ್ದೀರಾ?" ನೀವು ಕೊಡುವ ಹಣ ಶುಲ್ಕ ತುಂಬುತ್ತದೆ. ಆ ಒಂದು ಪ್ರಶ್ನೆ ಮೂರು ವರ್ಷ ಉಳಿಸಬಹುದು.