ಮಾಗಿಯ ಚಳಿಯಲ್ಲಿ ಹಳೆಯ ಕಾರಿನ ಆರೈಕೆ

(ನಮ್ಮೂರ ಶಾಲೆಯ ಅಂಗಳದಲ್ಲಿ ಸೇರಿದ್ದ ಯುವಕ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಸುಲಿಯುವ ಕೆಲಸವನ್ನು ಒಂದು ಸಂಜೆಯ ಮಟ್ಟಿಗೆ ಬದಿಗಿಟ್ಟು ನೀವೆಲ್ಲ ಇಲ್ಲಿ ಬಂದು ಕುಳಿತಿದ್ದೀರಿ. ನಿಮ್ಮ ಸಮಯ ವ್ಯರ್ಥವಾಗದಂತೆ ನಾಲ್ಕು ಉಪಯುಕ್ತ ಮಾತು ಹೇಳಿ ಮುಗಿಸುತ್ತೇನೆ. ನಾನು ಎಂಜಿನಿಯರನಲ್ಲ, ಮೆಕ್ಯಾನಿಕ್ಕೂ ಅಲ್ಲ. ತೀರ್ಥಹಳ್ಳಿ ಸೀಮೆಯ ಒಬ್ಬ ಸಾಮಾನ್ಯ ಅಡಿಕೆ ಬೆಳೆಗಾರ. 1996ರ ಮಾದರಿಯ ಮಾರುತಿ 800 ಕಾರೊಂದನ್ನು 2003ರಲ್ಲಿ ಹಳೆಯದಾಗಿಯೇ ಕೊಂಡು, ಅಂದಿನಿಂದ ಅದನ್ನು ಬಿಚ್ಚುತ್ತ, ಜೋಡಿಸುತ್ತ, ಕೆಡಿಸುತ್ತ, ಸರಿಪಡಿಸುತ್ತ ಬಂದವನು. ಕೆಡಿಸಿದ್ದರಿಂದಲೇ ನಾನು ಹೆಚ್ಚು ಕಲಿತದ್ದು.

ಈ ಪುಟ್ಟ ಗಾಡಿಯ ಚರಿತ್ರೆ ನಿಮಗೆ ತಿಳಿದಿರಬಹುದು. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದ ಕೈಯನ್ನು ಅದರ ಒಡೆಯರಿಗೆ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಈ ನಡುವೆ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ದೇಶದ ಉದ್ದಗಲಕ್ಕೆ ಹರಡಿದವು. ಮೂರು ಸಿಲಿಂಡರು, 796 ಸಿ.ಸಿ. ಎಂಜಿನ್, ಸುಮಾರು ಆರೂವರೆ ಕ್ವಿಂಟಾಲ್ ತೂಕ. ಎಳೆಯಬೇಕಾದ ಭಾರ ಕಡಿಮೆ, ಉರಿಸಬೇಕಾದ ಪೆಟ್ರೋಲೂ ಕಡಿಮೆ. ಇದರ ಮಿತವ್ಯಯದ ಗುಟ್ಟು ಇಷ್ಟೇ. ಆದುದರಿಂದಲೇ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇಂಥ ಹಲವು ಗಾಡಿಗಳು ಅಡಿಕೆ ಚೀಲ ಹೊರುತ್ತ, ಮದುವೆ ಮುಂಜಿಗೆ ಓಡುತ್ತ, ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುತ್ತ ಇವೆ.

ಕಾಯಿಲೆಯವರ ಮಾತು ಬಂದಿತು. ನನ್ನ ತಪ್ಪೊಂದನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ಕಾರು ಕೊಂಡ ಹೊಸತರಲ್ಲಿ ನನಗೆ ಮೈಲೇಜಿನ ಹುಚ್ಚು ಹಿಡಿಯಿತು. ಲೀಟರಿಗೆ 17 ಕಿಲೋಮೀಟರು ಬರುತ್ತಿತ್ತು. ಅದು ಸಾಲದೆಂದು ಕಾರ್ಬುರೇಟರಿನ ಜೆಟ್ ತೆಗೆದು, ಅದಕ್ಕಿಂತ ಕಿರಿದಾದ ರಂಧ್ರದ ಜೆಟ್ ಹಾಕಿದೆ. ಚೋಕ್ ಎಂದರೆ ಪೆಟ್ರೋಲು ಕುಡಿಯುವ ಬಾಯಿ ಎಂದು ಬಗೆದು ಅದರ ಕೇಬಲ್ಲನ್ನೇ ಕಿತ್ತೆ. ಚೋಕಿನ ಮುಚ್ಚಳ ಸದಾ ತೆರೆದೇ ಇರುವಂತೆ ತಂತಿಯಿಂದ ಬಿಗಿದೆ. ಮೈಲೇಜು 18ಕ್ಕೆ ಏರಿತು. ತಿಂಗಳಿಗೆ 500 ಕಿಲೋಮೀಟರು ಓಡುವ ನನಗೆ ಇದರಿಂದ ಉಳಿದದ್ದು ಒಂದೂವರೆ ಲೀಟರು. ಇದನ್ನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ.

2005ರ ಜನವರಿಯ ಒಂದು ರಾತ್ರಿ. ಮಾಗಿಯ ಚಳಿ ಕೊರೆಯುತ್ತಿತ್ತು. ಅಂಗಳದ ಅಡಿಕೆ ಚಪ್ಪರದಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಕೆಳಮನೆಯ ಹುಡುಗ ಓಡಿಬಂದು, "ಅಣ್ಣಾ, ಅತ್ತಿಗೆಗೆ ನೋವು ಶುರುವಾಗಿದೆ, ಬೇಗ ಗಾಡಿ ತೆಗೀರಿ" ಎಂದು ಬಾಗಿಲು ಬಡಿದ. ನಾನು ಬೀಗದ ಕೈ ತಿರುಗಿಸಿದೆ. ಎಂಜಿನ್ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ತಿರುಗಿಸಿ ಬ್ಯಾಟರಿಯನ್ನೂ ಬರಿದು ಮಾಡಿದೆ. ನಾಲ್ವರು ಸೇರಿ ಇಳಿಜಾರಿನಲ್ಲಿ ತಳ್ಳಿದರು. ಗಾಡಿ ಎರಡು ಬಾರಿ ಕೆಮ್ಮಿ ನಿಂತುಬಿಟ್ಟಿತು. ಕಡೆಗೆ ಒಬ್ಬರು ಮೇಲಿನ ಊರಿಗೆ ನಡೆದು ಹೋಗಿ ಜೀಪು ತರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಆ ತಾಯಿ ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಹಲ್ಲು ಕಚ್ಚಿ ಕುಳಿತಿದ್ದಳು. ಆಸ್ಪತ್ರೆ ಮುಟ್ಟಿದ ಕಾಲು ಗಂಟೆಯಲ್ಲಿ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಸುಖವಾಗಿ ಮನೆಗೆ ಬಂದರು. ಅದು ಅವರ ಪುಣ್ಯ. ನನ್ನ ಜಾಣತನವಂತೂ ಅಲ್ಲ. ಒಂದೂವರೆ ಲೀಟರು ಉಳಿಸಲು ಹೋಗಿ ಒಂದೂವರೆ ಗಂಟೆ ಕಳೆದಿದ್ದೆ.

ಆದಕಾರಣ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದು: ಮಿತವ್ಯಯ ಒಳ್ಳೆಯದು, ಆದರೆ ಕರೆದಾಗ ಹೊರಡುವುದು ಹಳ್ಳಿಯ ಗಾಡಿಯ ಮೊದಲ ಧರ್ಮ. ಈ ಎರಡಕ್ಕೂ ವಿರೋಧವಿಲ್ಲ. ಸರಿಯಾದ ಕಡೆ ಕೈ ಹಾಕಿದರೆ ಎರಡೂ ಸಿಗುತ್ತವೆ.

ಚಳಿಯಲ್ಲಿ ಎಂಜಿನ್ ಏಕೆ ಹಟ ಹಿಡಿಯುತ್ತದೆ ಎಂಬುದನ್ನು ನೋಡೋಣ. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ಬಿಸಿಯಾದ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಸಾಕು. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ಸ್ವಲ್ಪ ಭಾಗ ಮಾತ್ರ ಆವಿಯಾಗುತ್ತದೆ, ಉಳಿದದ್ದು ಹನಿಯಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಆ ಕೆಲವು ನಿಮಿಷ ಗಾಳಿ ತಗ್ಗಿಸಿ ಪೆಟ್ರೋಲು ಹೆಚ್ಚಿಸಬೇಕು. ಚೋಕ್ ಮಾಡುವುದು ಈ ಕೆಲಸವನ್ನೇ. ನಾನು ಅದನ್ನು ಕಿತ್ತೆಸೆದದ್ದು ಚಳಿಗಾಲದಲ್ಲಿ ಕಂಬಳಿ ಮಾರಿದಂತಾಯಿತು. ಇದರ ಜೊತೆಗೆ ಚಳಿಯಲ್ಲಿ ಬ್ಯಾಟರಿಯ ಕಸುವು ಕುಗ್ಗುತ್ತದೆ, ಎಂಜಿನ್ ಎಣ್ಣೆ ಮಂದವಾಗುತ್ತದೆ, ಇಬ್ಬನಿಯ ತೇವ ಕಿಡಿಯ ತಂತಿಗಳ ಮೇಲೆ ಕೂರುತ್ತದೆ. ಎಲ್ಲವೂ ಒಂದೇ ಹೊತ್ತಿನಲ್ಲಿ ಗಾಡಿಯ ಮೇಲೆ ಬೀಳುತ್ತವೆ.

ಇನ್ನು ನಾವು ಮಾಡಬೇಕಾದ ಕೆಲಸಗಳು.

ಮೊದಲನೆಯದು ಬ್ಯಾಟರಿ. ಅದರ ಕೊನೆಗಳಲ್ಲಿ ಕಟ್ಟಿದ ಬಿಳಿ, ಹಸಿರು ಕಿಲುಬನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿರಿ. ನೀರು ತುಂಬುವ ಬ್ಯಾಟರಿಯಾದರೆ ಮಟ್ಟ ನೋಡಿ ಬಟ್ಟಿ ಇಳಿಸಿದ ನೀರನ್ನೇ ಹಾಕಿರಿ. ಬಾವಿಯ ನೀರು ಬೇಡ.

ಎರಡನೆಯದು ಕಿಡಿ. ಮೂರು ಪ್ಲಗ್ಗುಗಳನ್ನು ಬಿಚ್ಚಿ ಅವುಗಳ ಬಣ್ಣ ನೋಡಿರಿ. ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಕ್ಷೇಮ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚಾಗಿದೆ. ಆ ದಿನ ನನ್ನ ಗಾಡಿಯ ಮೂರೂ ಪ್ಲಗ್ಗು ಬಿಳಿಚಿದ್ದವು. ಅವು ಹೇಳುತ್ತಿದ್ದ ಮಾತನ್ನು ಓದಲು ನನಗೆ ಬರುತ್ತಿರಲಿಲ್ಲ. ಪ್ಲಗ್ಗಿನ ಬಾಯಿಯ ಅಂತರ 0.7ರಿಂದ 0.8 ಮಿಲಿಮೀಟರು ಇರಬೇಕು. ಅದನ್ನು ಫೀಲರ್ ಗೇಜಿನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೂ ಹೊರಗೂ, ಪ್ಲಗ್ ತಂತಿಗಳ ಮೇಲೂ ಒಣಬಟ್ಟೆ ಆಡಿಸಿರಿ. ಮುಚ್ಚಳದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಅದನ್ನು ಬದಲಾಯಿಸಬೇಕು. ಮಂಜಿನ ಮುಂಜಾನೆಗಳಲ್ಲಿ ಅರ್ಧ ತಕರಾರು ಇಲ್ಲಿಯೇ ಇರುತ್ತದೆ.

ಮೂರನೆಯದು ಚೋಕ್. ಕೇಬಲ್ ಎಳೆದಾಗ ಮುಚ್ಚಳ ಪೂರ್ತಿ ಮುಚ್ಚಬೇಕು, ಬಿಟ್ಟಾಗ ಪೂರ್ತಿ ತೆರೆಯಬೇಕು. ಚಳಿಯ ಬೆಳಿಗ್ಗೆ ಚೋಕ್ ಪೂರ್ತಿ ಎಳೆದು, ಕ್ಲಚ್ ಒತ್ತಿ, ಆಕ್ಸಲರೇಟರಿನಿಂದ ಕಾಲು ತೆಗೆದು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು. ಹತ್ತದಿದ್ದರೆ ಅರ್ಧ ನಿಮಿಷ ತಡೆದು ಮತ್ತೆ ನೋಡಿರಿ. ಎಂಜಿನ್ ಹತ್ತಿಕೊಂಡ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತ ನಿಧಾನವಾಗಿ ಹೊರಡಿರಿ. ನಿಂತಲ್ಲೇ ಕಾಲು ಗಂಟೆ ಓಡಿಸಿ ಬಿಸಿ ಮಾಡುವುದು ವ್ಯರ್ಥ. ಚೋಕನ್ನು ಒಳಗೆ ತಳ್ಳಲು ಮರೆತರೂ ಕೇಡೇ: ಕಪ್ಪು ಹೊಗೆ ಬರುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಮೈಲೇಜು ಬೀಳುತ್ತದೆ. ಸುಮಾರು 2000ದ ನಂತರ ಬಂದ ಇಂಜೆಕ್ಷನ್ ಗಾಡಿಗಳಿಗೆ ಈ ಮಾತು ಅನ್ವಯಿಸದು. ಅವುಗಳಲ್ಲಿ ಕೈಯಿಂದ ಎಳೆಯುವ ಚೋಕ್ ಇಲ್ಲ.

ನಾಲ್ಕನೆಯದು ಥರ್ಮೋಸ್ಟಾಟ್. ಎಂಜಿನ್ ಕಾಯ್ದಾಗ ಕೆಲವರು ಇದನ್ನು ಕಿತ್ತು ಬಿಸಾಡಿಬಿಡುತ್ತಾರೆ. ಎಂಜಿನ್ನಿನ ನೀರು ಸುಮಾರು 80 ಡಿಗ್ರಿ ದಾಟುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು ಅದು. ಅದಿಲ್ಲದಿದ್ದರೆ ಚಳಿಗಾಲದಲ್ಲಿ ಎಂಜಿನ್ ಬೇಗ ಬಿಸಿಯಾಗುವುದೇ ಇಲ್ಲ; ತಣ್ಣನೆಯ ಎಂಜಿನ್ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ನನ್ನ ಗಾಡಿಯಲ್ಲೂ ಅದು ಇರಲಿಲ್ಲ. ಹೊಸದೊಂದನ್ನು ಹಾಕಿದ ಮೇಲೆ ಗೊತ್ತಾಯಿತು, ನಾನು ಜೆಟ್ಟಿನಲ್ಲಿ ಹುಡುಕುತ್ತಿದ್ದ ಉಳಿತಾಯ ಇಲ್ಲಿ ಸೋರಿಹೋಗುತ್ತಿತ್ತೆಂದು.

ಐದನೆಯದು ಚಕ್ರಗಳು. ಚಳಿಯಲ್ಲಿ ಟಯರಿನ ಗಾಳಿ ಕುಗ್ಗುತ್ತದೆ. ಹದಿನೈದು ದಿನಕ್ಕೊಮ್ಮೆ, ಗಾಡಿ ಓಡುವ ಮೊದಲೇ, ಗಾಳಿ ಅಳೆಯಿರಿ. ಒಂದೊಂದೇ ಚಕ್ರವನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿರಿ. ಬಿಗಿಯಾಗಿದ್ದರೆ ಬ್ರೇಕು ಹಿಡಿದುಕೊಂಡಿದೆ, ಅಥವಾ ಹ್ಯಾಂಡ್ ಬ್ರೇಕಿನ ಕೇಬಲ್ಲು ತುಕ್ಕು ಹಿಡಿದಿದೆ ಎಂದು ತಿಳಿಯಿರಿ. ಬ್ರೇಕು ಹಿಡಿದ ಗಾಡಿ ಓಡಿಸುವುದು ಕಟ್ಟಿಹಾಕಿದ ಎತ್ತಿನಿಂದ ಉಳುಮೆ ಮಾಡಿಸಿದಂತೆ.

ಹಳೆಯ ಜೆಟ್ಟನ್ನೂ ಚೋಕನ್ನೂ ಮೊದಲಿನಂತೆ ಜೋಡಿಸಿ, ಥರ್ಮೋಸ್ಟಾಟ್ ಹಾಕಿ, ಹಿಂದಿನ ಬ್ರೇಕು ಬಿಡಿಸಿದ ಮೇಲೆ ನನ್ನ ಗಾಡಿ ಲೀಟರಿಗೆ 19 ಕೊಟ್ಟಿತು. ತಿಂಗಳಿಗೆ ಮೂರು ಲೀಟರು ಉಳಿಯಿತು, ನಡುರಾತ್ರಿಯಲ್ಲೂ ಗಾಡಿ ಹೊರಡುವಂತಾಯಿತು. ಟ್ಯಾಂಕು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸುವುದೇ ಸರಿಯಾದ ಲೆಕ್ಕ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪುಸ್ತಕದಲ್ಲಿ ಬರೆದಿಡಿರಿ. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಗುಣ ಯಾವುದರಿಂದ, ಕೇಡು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಇಂದಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2025ರ ಹೊತ್ತಿಗೆ ದೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಬಳಕೆಗೆ ಬಂದಿದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮೈಲೇಜು ಸ್ವಲ್ಪ ಇಳಿದರೆ ಗಾಡಿಯನ್ನು ಬೈಯಬೇಡಿರಿ. ಹಳೆಯ ಕಾರ್ಬುರೇಟರಿನಲ್ಲಿ ಅದು ಗಾಳಿ ಹೆಚ್ಚಾದ ಮಿಶ್ರಣದಂತೆಯೇ ವರ್ತಿಸುವುದರಿಂದ ಚಳಿಯಲ್ಲಿ ಚೋಕ್ ಇನ್ನಷ್ಟು ಅಗತ್ಯ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸಬಲ್ಲದು. ಆದುದರಿಂದ ಪೆಟ್ರೋಲು ಕೊಳವೆಗಳನ್ನು ಬಗ್ಗಿಸಿ ನೋಡಿರಿ. ಬಿರುಕು, ಜಿಗುಟು, ತೇವ ಕಂಡರೆ ಕೂಡಲೇ ಬದಲಾಯಿಸಿರಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಹಳೆಯ ಪೆಟ್ರೋಲು ಉಳಿಸಬೇಡಿರಿ.

ಈಗ ಹೇಳುವ ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಿಸಿದವು. ಚಳಿಯೆಂದು ಕೊಟ್ಟಿಗೆಯ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಲೇಬೇಡಿರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೂ ಉಡುಗಿರುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಕಾರ್ಬುರೇಟರು ಬಿಚ್ಚಬೇಡಿರಿ. ಬೀಡಿ ಸೇದುವವರನ್ನು ದೂರವಿಡಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿರಿ. ಪೆಟ್ರೋಲು ಉಳಿಸಲೆಂದು ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿ ಗೇರು ತಪ್ಪಿಸಿ ಜಾರಬೇಡಿರಿ. ಅಲ್ಲಿನ ತಿರುವುಗಳಲ್ಲಿ ಎಂಜಿನ್ನಿನ ಹಿಡಿತವಿಲ್ಲದೆ ಬ್ರೇಕೊಂದೇ ದುಡಿದರೆ ಅದು ಕಾಯ್ದು ಕೈಕೊಡುತ್ತದೆ. ಚಳಿಗೆ ಬೆಚ್ಚನೆಯ ಜಾಗ ಅರಸಿ ಇಲಿಗಳು ಎಂಜಿನ್ನಿನ ಮೇಲೆ ಗೂಡು ಕಟ್ಟಿ ತಂತಿ ಕಡಿಯುತ್ತವೆ. ಬೆಳಿಗ್ಗೆ ಬಾನೆಟ್ಟು ಎತ್ತಿ ನೋಡಿಯೇ ಹೊರಡಿರಿ.

ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕೆಂಬುದು ನಿಮಗೆ ತಿಳಿದಿದೆ. ಇದನ್ನು ಕಾಟವೆಂದು ಭಾವಿಸಬೇಡಿರಿ. ಬ್ರೇಕು, ದೀಪ, ಹೊಗೆ ಇವು ಸರಿಯಿಲ್ಲದ ಗಾಡಿಯನ್ನು ಮಿತವ್ಯಯದ ಹೆಸರಿನಲ್ಲಿ ರಸ್ತೆಗೆ ತರುವ ಹಕ್ಕು ಯಾರಿಗೂ ಇಲ್ಲ. ತಳ ತುಕ್ಕು ತಿಂದು ತೂತಾದ ಗಾಡಿಗೆ ವಿದಾಯ ಹೇಳುವುದೇ ವಿವೇಕ.

ಕೊನೆಯದಾಗಿ ಒಂದು ಸಲಹೆ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ಆಪತ್ತಿನಲ್ಲಿ ಮೊದಲ ಕರೆ ಅದಕ್ಕೇ ಹೋಗಬೇಕು. ಆದರೆ ಫೋನು ಸಿಗದ ಹಳ್ಳ ದಿಣ್ಣೆಗಳಲ್ಲಿ, ಆಂಬುಲೆನ್ಸು ಬೇರೆಡೆ ಹೋಗಿರುವ ರಾತ್ರಿಗಳಲ್ಲಿ ನೆರೆಮನೆಯ ಗಾಡಿಯೇ ಗತಿ. ಆದುದರಿಂದ ಯುವಕ ಮಂಡಲದವರು ಒಂದು ಸಾಮಾನಿನ ಪೆಟ್ಟಿಗೆ ಮಾಡಿಕೊಳ್ಳಿರಿ: ಪ್ಲಗ್ ಸ್ಪ್ಯಾನರ್, ಫೀಲರ್ ಗೇಜು, ಗಾಳಿ ಅಳೆಯುವ ಗೇಜು, ಜಾಕು, ಗಟ್ಟಿ ಸ್ಟ್ಯಾಂಡು, ಬ್ಯಾಟರಿ ಜೋಡಿಸುವ ಕೇಬಲ್ಲು. ತಿಂಗಳಿಗೊಂದು ಭಾನುವಾರ ಊರಿನ ಹಳೆಯ ಗಾಡಿಗಳನ್ನೆಲ್ಲ ಈ ಅಂಗಳಕ್ಕೆ ತನ್ನಿರಿ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಿರಿ, ಹೆಣ್ಣುಮಕ್ಕಳೂ ಕಲಿಯಲಿ. ಯಾವ ವಾರದ ರಾತ್ರಿಗಳಲ್ಲಿ ಯಾರ ಗಾಡಿ ಸಿದ್ಧವಿರುತ್ತದೆ ಎಂಬ ಪಟ್ಟಿಯೊಂದು ಹಾಲಿನ ಡೇರಿಯ ಬಾಗಿಲಲ್ಲಿ ತೂಗಲಿ.

ಆ ರಾತ್ರಿ ತಡವಾಗಿ ಆಸ್ಪತ್ರೆ ಸೇರಿದ ತಾಯಿಯ ಮಗು ಬೆಳೆದು ಕಾಲೇಜು ಮೆಟ್ಟಿಲು ಹತ್ತಿತು. ಆ ಹುಡುಗಿಯನ್ನು ಕಂಡಾಗಲೆಲ್ಲ ನನಗೆ ಕಿತ್ತೆಸೆದ ಚೋಕಿನ ನೆನಪಾಗುತ್ತದೆ. ನಾಳೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ನಿಮ್ಮ ಗಾಡಿಯ ಬಳಿಗೆ ಹೋಗಿ, ಒಂದೇ ಸೆಲ್ಫಿಗೆ ಹತ್ತುತ್ತದೆಯೇ ನೋಡಿರಿ. ಹತ್ತದಿದ್ದರೆ ಆ ಕೆಲಸವನ್ನು ನಾಳಿದ್ದಿಗೆ ಇಡಬೇಡಿರಿ.