ಕೀಲಿ ಯಾರ ಕೈಯಲ್ಲಿದೆ?

ಯಾದಗಿರಿ ಜಿಲ್ಲೆಯ ಕೊಂಕಲ್‌ನಂಥ ಊರಿನ ಹುಡುಗ ಡಿಗ್ರಿ ಮುಗಿಸ್ತಾನೆ ಅಂದ್ಕೊಳ್ಳಿ. 371ಜೆ ಮೀಸಲಾತಿ ಇದೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕೋಣ ಅಂತ ಕಂಪ್ಯೂಟರ್ ಸೆಂಟರ್‌ಗೆ ಹೋಗ್ತಾನೆ. ಅರ್ಜಿ ಇಮೇಲ್ ಕೇಳುತ್ತೆ. "ಅಣ್ಣಾ, ನೀವೇ ಒಂದ್ ಮಾಡಿಬಿಡ್ರಿ" ಅಂತಾನೆ. ಮಾಡಿಕೊಡ್ತಾರೆ. ಪಾಸ್‌ವರ್ಡ್ ಅವರಿಗೇ ಗೊತ್ತು, ಓಟಿಪಿ ಬರೋ ನಂಬರೂ ಅವರದ್ದೇ. ಹುಡುಗನ ಕೈಯಲ್ಲಿ ಉಳಿಯೋದು ಅರ್ಜಿಯ ಪ್ರಿಂಟ್ ಮಾತ್ರ.

ಆಮೇಲೆ ದುಡಿಯೋಕೆ ಬೆಂಗಳೂರಿಗೆ ಬರ್ತಾನೆ. ದಾಖಲೆ ಪರಿಶೀಲನೆಯ ಕರೆ ಆ ಇಮೇಲ್‌ಗೇ ಬಂದರೆ ತೆರೆಯೋರು ಯಾರು?

ಸೆಂಟರ್‌ನವರನ್ನು ನಾನು ದೂರಲ್ಲ. ಅವರು ಉಪಕಾರವನ್ನೇ ಮಾಡಿದ್ದಾರೆ. ಆದರೆ ಮನೆ ನಮ್ಮದು, ಕೀಲಿ ಅಂಗಡಿಯಲ್ಲಿ ಅಂದ್ರೆ ಹೇಗೆ?

ಅಂಕಪಟ್ಟಿಯಲ್ಲಿರೋ ಹೆಸರಲ್ಲೇ ವಿಳಾಸ ಮಾಡಿ, 'ಡೇಂಜರ್ ಬಾಯ್' ಬೇಡ. ನೌಕರಿ, ಬ್ಯಾಂಕಿಗೆ ಇದೊಂದು. ಗೇಮು, ಶಾಪಿಂಗಿಗೆ ಇನ್ನೊಂದು. ನಿಮ್ಮದೇ ನಂಬರ್ ಜೋಡಿಸಿ. ಸಿಮ್ ಬದಲಿಸಿದ ದಿನವೇ ಅಲ್ಲೂ ಬದಲಿಸಿ. ಬಿಟ್ಟ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಕೈ ಸೇರಬಹುದು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಲ್ಲಿದೆ.

ಸೆಂಟರ್‌ನಿಂದ ಎದ್ದು ಬರೋ ಮೊದಲು ನಿಮ್ಮ ಮೊಬೈಲಲ್ಲೇ ಆ ಇಮೇಲ್ ಒಮ್ಮೆ ತೆರೆದು ನೋಡಿ. ತೆರೀತಾ? ಹಾಗಾದ್ರೆ ಅರ್ಜಿ ನಿಮ್ಮದು.